ಸಂಶೋಧನ ಲೇಖನ ಬರೆಯುವ ವಿದ್ಯಾರ್ಥಿಗೆ ಜೊಟೆರೊ: ಕನ್ನಡದ ಕೆಲಸಕ್ಕೆ ಎಷ್ಟು ಒದಗುತ್ತದೆ?

ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನೂ ಪಿಎಚ್‌.ಡಿ. ವಿದ್ಯಾರ್ಥಿಗಳ ಸಂಶೋಧನ ಲೇಖನಗಳನ್ನೂ ತಿದ್ದುವವರಿಗೆ ಅವರ ಬರವಣಿಗೆ ಎಲ್ಲಿ ಸಡಿಲಾಗುತ್ತದೆ ಎಂಬುದು ಗೊತ್ತಿರುತ್ತದೆ. ಕಾಗುಣಿತವನ್ನು ತಿದ್ದಬಹುದು, ವಾಕ್ಯವನ್ನು ಸರಿಪಡಿಸಬಹುದು. ಆದರೆ ವರ್ಷದ ಹಿಂದೆ ಗ್ರಂಥಾಲಯದಲ್ಲಿ ಕುಳಿತು ಬರೆದುಕೊಂಡ ಟಿಪ್ಪಣಿಯೊಂದು ಯಾವ ಪುಸ್ತಕದ್ದು, ಯಾವ ಮುದ್ರಣದ್ದು, ಎಷ್ಟನೆಯ ಪುಟದ್ದು, ಅದರಲ್ಲಿರುವುದು ಮೂಲ ಲೇಖಕರ ಮಾತೋ ವಿದ್ಯಾರ್ಥಿ ತಾನೇ ಮಾಡಿಕೊಂಡ ಸಂಗ್ರಹವೋ ಎಂಬುದು ಬರೆಯುವ ಹೊತ್ತಿಗೆ ಮರೆತುಹೋಗಿದ್ದರೆ, ಅದನ್ನು ಯಾವ ಮಾರ್ಗದರ್ಶಕರೂ ಆಮೇಲೆ ತಿದ್ದಿಕೊಡಲಾರರು. ಓದಿಗೂ ಬರಹಕ್ಕೂ ನಡುವಿನ ಈ ಕೊಂಡಿ ಕಳಚದಂತೆ ನೋಡಿಕೊಳ್ಳಲು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿರುವುದು, ಓದಿದ ಆಕರಗಳ ವಿವರವನ್ನೂ ಟಿಪ್ಪಣಿಗಳನ್ನೂ ಒಂದೆಡೆ ಕೂಡಿಟ್ಟು ಬರಹಕ್ಕೆ ಉಲ್ಲೇಖಗಳನ್ನು ಜೋಡಿಸಿಕೊಡುವ ಜೊಟೆರೊ ಎಂಬ ತಂತ್ರಾಂಶವನ್ನು. ಇಂಗ್ಲಿಷಿನಲ್ಲಿ ಅದರ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಕನ್ನಡದ ಆಕರಗಳನ್ನು ಇಟ್ಟುಕೊಂಡು ಕನ್ನಡದಲ್ಲೇ ಬರೆಯುವವರಿಗೆ ಅದು ಎಷ್ಟು ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ.

ಜೊಟೆರೊ ಮೊದಲು ಹೊರಬಂದದ್ದು 2006ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿರುವ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರದಿಂದ. ಅದನ್ನು ರೂಪಿಸಿದ ತಂಡದಲ್ಲಿ ಇತಿಹಾಸಕಾರರಿದ್ದರು. ಪುಸ್ತಕ, ಪತ್ರ, ಹಸ್ತಪ್ರತಿ, ಪತ್ರಿಕಾ ತುಣುಕು ಹೀಗೆ ನಾನಾ ಬಗೆಯ ಆಕರಗಳ ನಡುವೆ ಕೆಲಸ ಮಾಡುವವರ ಕಷ್ಟವನ್ನು ಬಲ್ಲವರು. ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗೆ ಅದು ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ. ಆರಂಭದಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಒಳಗಷ್ಟೇ ಓಡುತ್ತಿದ್ದ ಇದು ಈಗ ಸ್ವತಂತ್ರ ತಂತ್ರಾಂಶವಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದನ್ನು ನಡೆಸುತ್ತಿದೆ, ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ಮುಕ್ತವಾಗಿದೆ, ಬಳಕೆಗೆ ಹಣ ಕೊಡಬೇಕಾಗಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಿಂದ ಬಂದು ವಿದ್ಯಾರ್ಥಿವೇತನವನ್ನೇ ನೆಚ್ಚಿ ಓದುವ ಮಕ್ಕಳಿಗೆ ಹೇಳಿಕೊಡುವಾಗ ಈ ಕೊನೆಯ ಮಾತು ಸಣ್ಣದಲ್ಲ. ಇದೇ ಕೆಲಸ ಮಾಡುವ ಎಂಡ್‌ನೋಟ್ ದುಬಾರಿ. ಮೆಂಡಲೆ ಉಚಿತವಾದರೂ 2013ರಿಂದ ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ಸ್ವತ್ತು. ವಿದ್ಯಾರ್ಥಿಯ ಹತ್ತಾರು ವರ್ಷಗಳ ಓದಿನ ದಾಖಲೆ ಅಂಥವರ ಕೈಯಲ್ಲಿರುವುದಕ್ಕಿಂತ ಅವನದೇ ಕಂಪ್ಯೂಟರಿನಲ್ಲಿ, ಯಾವಾಗ ಬೇಕಾದರೂ ಹೊರತೆಗೆಯಬಹುದಾದ ರೂಪದಲ್ಲಿ ಇರುವುದು ಮೇಲೆಂದು ನನ್ನ ಅಭಿಪ್ರಾಯ.

ಇಂಗ್ಲಿಷ್ ಆಕರಗಳನ್ನು ಸೇರಿಸಿಕೊಳ್ಳುವುದು ಬಹಳ ಸುಲಭ. ಬ್ರೌಸರಿಗೆ ಜೊಟೆರೊದ ಕನೆಕ್ಟರ್ ಎಂಬ ಪುಟ್ಟ ಸೇರ್ಪಡೆಯನ್ನು ಹಾಕಿಕೊಂಡರೆ, ಲೇಖನವೊಂದರ ಪುಟ ತೆರೆದಿರುವಾಗ ಒಂದು ಗುಂಡಿ ಒತ್ತಿದೊಡನೆ ಲೇಖಕರ ಹೆಸರು, ಪತ್ರಿಕೆ, ಸಂಪುಟ, ಸಂಚಿಕೆ, ಪುಟಸಂಖ್ಯೆ ಎಲ್ಲವೂ ತಮ್ಮ ತಮ್ಮ ಅಂಕಣದಲ್ಲಿ ಬಂದು ಕೂರುತ್ತವೆ. ಸಿಗುವಂತಿದ್ದರೆ ಪಿಡಿಎಫ್ ಕೂಡ ಜತೆಗೆ ಬರುತ್ತದೆ. ಪುಸ್ತಕವಾದರೆ ಐಎಸ್‌ಬಿಎನ್, ಲೇಖನವಾದರೆ ಡಿಒಐ ಎಂಬ ಗುರುತಿನ ಸಂಖ್ಯೆ ಕೊಟ್ಟರೂ ಸಾಕು.

ಕನ್ನಡ ಪುಸ್ತಕಗಳ ಕಥೆ ಬೇರೆ. ನಮ್ಮ ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇಲ್ಲವೇ ಇಲ್ಲ. ಹೊಸದರಲ್ಲಿ ಇದ್ದರೂ ಜೊಟೆರೊ ಹುಡುಕುವ ಜಾಗತಿಕ ಗ್ರಂಥಾಲಯ ಸೂಚಿಗಳಲ್ಲಿ ಅವು ಸಿಗುವುದು ಅಪರೂಪ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ದೆಹಲಿ ಕಚೇರಿಯ ಮೂಲಕ ಕನ್ನಡ ಪುಸ್ತಕಗಳನ್ನು ಕೊಳ್ಳುತ್ತದೆ, ನಿಜ. ಆದರೆ ಅಲ್ಲಿನ ದಾಖಲೆ ಬರುವುದು ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೂ ಕೆಳಗೂ ಗೆರೆ ಚುಕ್ಕಿಗಳನ್ನು ಹೊತ್ತುಕೊಂಡು. ಅದನ್ನು ಹಾಗೆಯೇ ಬಿಟ್ಟರೆ ಕನ್ನಡ ಪ್ರಬಂಧದ ಗ್ರಂಥಋಣದ ಪಟ್ಟಿಯಲ್ಲಿ ಕನ್ನಡ ಪುಸ್ತಕವೇ ಪರಕೀಯವಾಗಿ ಕಾಣುತ್ತದೆ. ಹಾಗಾಗಿ ಕನ್ನಡದ ಆಕರಗಳನ್ನು ಕೈಯಿಂದಲೇ ತುಂಬಬೇಕು, ಪುಸ್ತಕದ ಮುಖಪುಟವನ್ನು ನೋಡಿ ತುಂಬದೆ ಒಳಗಿನ ಶೀರ್ಷಿಕೆ ಪುಟವನ್ನೂ ಅದರ ಬೆನ್ನಿನ ಮುದ್ರಣ ವಿವರವನ್ನೂ ತೆರೆದಿಟ್ಟುಕೊಂಡು ತುಂಬಬೇಕು. ಒಂದು ಪುಸ್ತಕಕ್ಕೆ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಇದು ವ್ಯರ್ಥ ಶ್ರಮವೆಂದು ನಾನು ಭಾವಿಸುವುದಿಲ್ಲ. ಸಂಪಾದಕರು ಯಾರು, ಇದು ಎಷ್ಟನೆಯ ಮುದ್ರಣ, ಪರಿಷ್ಕೃತ ಆವೃತ್ತಿಯೋ ಬರಿಯ ಮರುಮುದ್ರಣವೋ ಎಂದು ಒಮ್ಮೆ ಗಮನವಿಟ್ಟು ನೋಡುವ ಅಭ್ಯಾಸ ಆ ನಿಮಿಷಗಳಲ್ಲೇ ಬೆಳೆಯುತ್ತದೆ.

ಮರುಮುದ್ರಣದ ವಿಷಯದಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾದದ್ದು 1894ರಲ್ಲಿ. ವಿದ್ಯಾರ್ಥಿಯ ಕೈಗೆ ಸಿಗುವುದು ಸಾಮಾನ್ಯವಾಗಿ ನೂರು ವರ್ಷದ ಈಚಿನ ಯಾವುದೋ ಮರುಮುದ್ರಣ. ಆ ಮರುಮುದ್ರಣದ ವರ್ಷವನ್ನಷ್ಟೇ ಹಾಕಿದರೆ, ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೊಬ್ಬರು ನಮ್ಮ ಸಮಕಾಲೀನರಾಗಿ ತೋರಿಬಿಡುತ್ತಾರೆ, ಅವರ ಹೇಳಿಕೆಯನ್ನು ತೂಗುವ ರೀತಿಯೇ ತಪ್ಪಿಹೋಗುತ್ತದೆ. ಜೊಟೆರೊದ 'ಎಕ್ಸ್‌ಟ್ರಾ' ಎಂಬ ಅಂಕಣದಲ್ಲಿ 'ಒರಿಜಿನಲ್ ಡೇಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ಕೋಲನ್ (:) ಹಾಕಿ 1894 ಎಂದು ನಮೂದಿಸಿದರೆ, ಎಪಿಎ ಮೊದಲಾದ ಉಲ್ಲೇಖ ಶೈಲಿಗಳಲ್ಲಿ ಎರಡೂ ವರ್ಷಗಳು ಮುದ್ರಣವಾಗುತ್ತವೆ. ಈ ಅನುಕೂಲ ಎದ್ದು ಕಾಣುವ ಜಾಗದಲ್ಲಿಲ್ಲ. ಹಳೆಯ ಗ್ರಂಥಗಳ ಮೇಲೆ ಕೆಲಸ ಮಾಡುವವರು ಹುಡುಕಿಕೊಂಡು ಬಳಸಬೇಕು. ಶಾಸನಕ್ಕೆಂದು ಪ್ರತ್ಯೇಕವಾದ ನಮೂನೆಯೂ ಇಲ್ಲ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟವನ್ನು ಪುಸ್ತಕವೆಂದು ಸೇರಿಸಿ, ತಾಲ್ಲೂಕು ಮತ್ತು ಶಾಸನಸಂಖ್ಯೆಯನ್ನು ಉಲ್ಲೇಖ ಹಾಕುವಾಗ ಪುಟಸಂಖ್ಯೆಯ ಜಾಗದ ಪಕ್ಕದಲ್ಲಿ ಬರೆಯುವ ಕ್ರಮವನ್ನು ನಾವು ಅನುಸರಿಸುತ್ತಿದ್ದೇವೆ.

ಹೆಸರುಗಳದ್ದು ಇನ್ನೊಂದು ತೊಡಕು. ಪಾಶ್ಚಾತ್ಯ ಪದ್ಧತಿಯಂತೆ ಜೊಟೆರೊ ಪ್ರತಿಯೊಬ್ಬ ಲೇಖಕರಿಗೂ ಕುಲನಾಮ, ವ್ಯಕ್ತಿನಾಮ ಎಂದು ಎರಡು ಮನೆ ಕೊಡುತ್ತದೆ. ಪಂಪನಿಗೆ ಎರಡನೆಯ ಮನೆಯಲ್ಲಿ ಏನು ಬರೆಯುವುದು? ಕುವೆಂಪು ಅವರನ್ನು ಎಲ್ಲಿ ಒಡೆಯುವುದು? ಎಂ. ಚಿದಾನಂದಮೂರ್ತಿ ಎಂಬ ಹೆಸರು ಇಂಗ್ಲಿಷ್ ಸೂಚಿಯಿಂದ ಬಂದಾಗ 'ಮೂರ್ತಿ' ಕುಲನಾಮವಾಗಿ, 'ಚಿದಾನಂದ' ಬರಿಯ ಇನಿಷಿಯಲ್ಲಾಗಿ ಕುಗ್ಗಿ, ಕನ್ನಡ ಓದುಗರು ಗುರುತಿಸಲಾರದ ಹೆಸರೊಂದು ಹುಟ್ಟಿಕೊಳ್ಳುತ್ತದೆ. ಹೆಸರಿನ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿದರೆ ಎರಡು ಮನೆಗಳು ಸೇರಿ ಒಂದಾಗುತ್ತವೆ. ಅಲ್ಲಿ ಬರೆದ ಹೆಸರು ಹೇಗಿದೆಯೋ ಹಾಗೆಯೇ ಪಟ್ಟಿಯಲ್ಲಿ ಬರುತ್ತದೆ. ನನ್ನ ಸಲಹೆ ಇಷ್ಟೆ: ಕನ್ನಡ ಲೇಖಕರೆಲ್ಲರಿಗೂ ಒಂದೇ ಮನೆಯ ಪದ್ಧತಿಯನ್ನು ಬಳಸಿ, 'ಬೇಂದ್ರೆ ದ.ರಾ.' ಎಂಬಂತೆ ಅಕಾರಾದಿಗೆ ಒಗ್ಗುವ ರೂಪದಲ್ಲಿ ಬರೆಯುವುದೋ 'ದ.ರಾ. ಬೇಂದ್ರೆ' ಎಂದೇ ಉಳಿಸುವುದೋ ಎಂಬುದನ್ನು ಮೊದಲ ದಿನವೇ ಮಾರ್ಗದರ್ಶಕರೊಡನೆ ನಿಶ್ಚಯಿಸಿಕೊಂಡು ಕೊನೆಯವರೆಗೂ ಬದಲಿಸದೆ ಇರುವುದು.

ಇಷ್ಟೆಲ್ಲ ಸಿದ್ಧತೆಯ ಮಾತಾಯಿತು. ವಿದ್ಯಾರ್ಥಿಯ ಬರವಣಿಗೆ ನಿಜವಾಗಿ ಸುಧಾರಿಸುವುದು ಓದುವ ಹಂತದಲ್ಲಿ, ಮತ್ತು ಜೊಟೆರೊದ ಅತ್ಯುತ್ತಮ ಭಾಗವೂ ಅದೇ. 2022ರಲ್ಲಿ ಬಂದ ಆರನೆಯ ಆವೃತ್ತಿಯಿಂದ ಪಿಡಿಎಫ್‌ಗಳನ್ನು ಅದರೊಳಗೇ ತೆರೆದು ಓದಬಹುದು, ಸಾಲುಗಳಿಗೆ ಬಣ್ಣ ಹಚ್ಚಬಹುದು, ಅಂಚಿನಲ್ಲಿ ನಮ್ಮ ಮಾತನ್ನು ಬರೆಯಬಹುದು. 2024ರ ಏಳನೆಯ ಆವೃತ್ತಿಯಲ್ಲಿ ಇ-ಪುಸ್ತಕಗಳಿಗೂ ಈ ಸೌಲಭ್ಯ ಬಂದಿದೆ. ಬಣ್ಣ ಹಚ್ಚಿದ ಸಾಲುಗಳನ್ನೆಲ್ಲ ಒಂದು ಟಿಪ್ಪಣಿಯಾಗಿ ತೆಗೆಯಲು ಹೇಳಿದರೆ, ಪ್ರತಿಯೊಂದು ಸಾಲೂ ಉದ್ಧರಣ ಚಿಹ್ನೆಯೊಳಗೆ, ಲೇಖಕರ ಹೆಸರು ವರ್ಷ ಪುಟಸಂಖ್ಯೆಗಳ ಸಮೇತ ಸಾಲಾಗಿ ಬರುತ್ತದೆ, ಒತ್ತಿದರೆ ಮತ್ತೆ ಅದೇ ಪುಟಕ್ಕೆ ಕರೆದೊಯ್ಯುತ್ತದೆ. ವಿದ್ಯಾರ್ಥಿ ಅಂಚಿನಲ್ಲಿ ಬರೆದದ್ದು ಉದ್ಧರಣ ಚಿಹ್ನೆಯ ಹೊರಗೆ ಉಳಿಯುತ್ತದೆ. ಯಾರ ಮಾತು ಎಲ್ಲಿ ಮುಗಿಯಿತು, ತನ್ನ ಮಾತು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣುವಂತೆ ಬೇರ್ಪಡುತ್ತದೆ. ನಾನು ನೋಡಿದ ಮಟ್ಟಿಗೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇಕೆಂದೇ ಕದಿಯುವವರು ಕಡಿಮೆ. ನೋಟ್‌ಬುಕ್ಕಿನಲ್ಲಿ ಉದ್ಧರಣ ಚಿಹ್ನೆ ಹಾಕದೆ ಬರೆದುಕೊಂಡದ್ದನ್ನು ತಿಂಗಳುಗಳ ಮೇಲೆ ತಮ್ಮದೇ ವಾಕ್ಯವೆಂದು ನಂಬಿ ಪ್ರಬಂಧಕ್ಕೆ ಇಳಿಸುವವರು ಹೆಚ್ಚು. ಆ ಅಪಾಯವನ್ನು ಈ ಒಂದು ಸೌಲಭ್ಯ ಬಹಳಮಟ್ಟಿಗೆ ತಗ್ಗಿಸುತ್ತದೆ.

ಇದಕ್ಕೆ ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯ ಹಿನ್ನೆಲೆಯೂ ಇದೆ. ಇತರರ ಬರಹದೊಡನೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಅದಕ್ಕಿಂತ ಮೇಲೆ ಶೇ. 40, ಶೇ. 60 ಎಂಬ ಹಂತಗಳಲ್ಲಿ ಶಿಕ್ಷೆ ಏರುತ್ತ ಹೋಗಿ ನೋಂದಣಿಯೇ ರದ್ದಾಗುವವರೆಗೆ ಮುಟ್ಟುತ್ತದೆ. ಸರಿಯಾಗಿ ಆಕರ ಹೇಳಿ ಉದ್ಧರಿಸಿದ ಭಾಗವನ್ನೂ ಗ್ರಂಥಋಣದ ಪಟ್ಟಿಯನ್ನೂ ಈ ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಶೇಕಡಾವಾರು ತಗ್ಗಿಸುವುದಕ್ಕಾಗಿ ಪದಗಳನ್ನು ಅದಲುಬದಲು ಮಾಡಿ ವಾಕ್ಯವನ್ನು ಕೆಡಿಸುವ ಅಭ್ಯಾಸಕ್ಕಿಂತ, ಉದ್ಧರಣವನ್ನು ಉದ್ಧರಣವಾಗಿಯೇ ತೋರಿಸುವುದು ಓದುಗರಿಗೂ ಒಳ್ಳೆಯದು, ನಿಯಮಕ್ಕೂ ಒಪ್ಪಿತ. ಇದನ್ನು ವಿದ್ಯಾರ್ಥಿಗಳಿಗೆ ಯಾರೂ ಮುಂಚಿತವಾಗಿ ಹೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಆದರೆ ಈ ಓದುವ ಸೌಲಭ್ಯ ಕನ್ನಡ ಪಿಡಿಎಫ್‌ಗಳ ಮುಂದೆ ಮಂಕಾಗುತ್ತದೆ, ತಪ್ಪು ಜೊಟೆರೊದ್ದಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪುಟಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಬಣ್ಣ ಹಚ್ಚಿದ ಸಾಲನ್ನು ಟಿಪ್ಪಣಿಗೆ ತಂದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಹುಡುಕಿದರೆ ಏನೂ ಸಿಗುವುದಿಲ್ಲ. ಅಂತರಜಾಲದಲ್ಲಿ ದೊರೆಯುವ ಹಳೆಯ ಕನ್ನಡ ಗ್ರಂಥಗಳ ಪ್ರತಿಗಳಂತೂ ಬಹುಪಾಲು ಬರಿಯ ಸ್ಕ್ಯಾನ್ ಚಿತ್ರಗಳು. ಅಂಥ ಕಡೆ ಬೇಕಾದ ಭಾಗವನ್ನು ಚೌಕಟ್ಟು ಹಾಕಿ ಚಿತ್ರವಾಗಿ ತೆಗೆದುಕೊಳ್ಳಬಹುದು, ಪಕ್ಕದಲ್ಲಿ ಆ ಸಾಲನ್ನು ಕೈಯಿಂದ ಟೈಪು ಮಾಡಬಹುದು. ಟೆಸರ್ಯಾಕ್ಟ್ ಎಂಬ ಉಚಿತ ಅಕ್ಷರಗ್ರಾಹಿ ತಂತ್ರಾಂಶ ಕನ್ನಡವನ್ನೂ ಓದಬಲ್ಲದು. ಮೊದಲೇ ಅದರ ಮೂಲಕ ಹಾಯಿಸಿದರೆ ಹುಡುಕಾಟಕ್ಕೆ ತಕ್ಕಮಟ್ಟಿನ ಅನುಕೂಲವಾಗುತ್ತದೆ, ಆದರೆ ಒತ್ತಕ್ಷರಗಳಲ್ಲಿ ತಪ್ಪು ಉಳಿಯುವುದರಿಂದ ಉದ್ಧರಣೆಗೆ ಮೂಲವನ್ನು ನೋಡಲೇಬೇಕು. ಇನ್ನೊಂದು ಎಚ್ಚರಿಕೆ: ಸ್ಕ್ಯಾನ್ ಪ್ರತಿಯಲ್ಲಿ ರಕ್ಷಾಪುಟ, ಮುನ್ನುಡಿ ಎಲ್ಲ ಸೇರಿ ಲೆಕ್ಕ ಮುಂದೋಡಿರುತ್ತದೆ. ಪುಸ್ತಕದ 45ನೆಯ ಪುಟ ಪಿಡಿಎಫ್‌ನಲ್ಲಿ 61ನೆಯದಾಗಿರಬಹುದು. ಪುಟಸಂಖ್ಯೆಯನ್ನು ತಿದ್ದಿ ಅದೇ ಲೆಕ್ಕ ಮುಂದಿನ ಪುಟಗಳಿಗೂ ಅನ್ವಯವಾಗುವಂತೆ ಮಾಡುವ ಅವಕಾಶ ಜೊಟೆರೊದಲ್ಲಿದೆ. ಓದಲು ಕೂರುವ ಮುನ್ನವೇ ಇದನ್ನು ಮಾಡಿಕೊಳ್ಳಬೇಕು.

ಇನ್ನು ಬರೆಯುವ ಹಂತ. ವರ್ಡ್, ಲಿಬ್ರೆ ಆಫೀಸ್, ಗೂಗಲ್ ಡಾಕ್ಸ್ ಈ ಮೂರರಲ್ಲೂ ಜೊಟೆರೊದ ಗುಂಡಿಗಳು ಬಂದು ಸೇರುತ್ತವೆ. ಉಲ್ಲೇಖ ಬೇಕಾದಲ್ಲಿ ಗುಂಡಿ ಒತ್ತಿ, ಲೇಖಕರ ಹೆಸರಿನ ನಾಲ್ಕಕ್ಷರ ಟೈಪು ಮಾಡಿ, ಪುಸ್ತಕವನ್ನು ಆರಿಸಿ ಪುಟಸಂಖ್ಯೆ ಕೊಟ್ಟರೆ ಅಡಿಟಿಪ್ಪಣಿ ತಾನಾಗಿ ಮೂಡುತ್ತದೆ. ಕನ್ನಡ ಪ್ರಬಂಧಗಳಲ್ಲಿ ಇದರ ನಿಜವಾದ ಬೆಲೆ ತಿಳಿಯುವುದು 'ಅದೇ' ಎಂಬ ಅಡಿಟಿಪ್ಪಣಿಗಳಲ್ಲಿ. ವಿದ್ಯಾರ್ಥಿ ಹನ್ನೆರಡನೆಯ ಟಿಪ್ಪಣಿಯಲ್ಲಿ ಒಂದು ಪುಸ್ತಕದ ಹೆಸರು ಬರೆದು, ಹದಿಮೂರು ಹದಿನಾಲ್ಕರಲ್ಲಿ 'ಅದೇ, ಪು. 45', 'ಅದೇ, ಪು. 52' ಎಂದು ಹಾಕಿರುತ್ತಾನೆ. ಮಾರ್ಗದರ್ಶಕರು ಅಧ್ಯಾಯ ನೋಡಿ ನಡುವೆ ಒಂದು ಪ್ಯಾರಾ ಸೇರಿಸಲು ಹೇಳುತ್ತಾರೆ, ಅದರೊಂದಿಗೆ ಬೇರೊಂದು ಪುಸ್ತಕದ ಟಿಪ್ಪಣಿ ನಡುವೆ ನುಗ್ಗುತ್ತದೆ. ಆ ಕ್ಷಣದಿಂದ ಕೆಳಗಿನ 'ಅದೇ'ಗಳೆಲ್ಲ ತಪ್ಪು ಪುಸ್ತಕವನ್ನು ತೋರಿಸುತ್ತವೆ, ಅದು ಯಾರ ಗಮನಕ್ಕೂ ಬಾರದೆ ಮಹಾಪ್ರಬಂಧ ಬೈಂಡಾಗಿ ಕಪಾಟು ಸೇರುತ್ತದೆ. ಮುಂದೆ ಅದನ್ನು ನೆಚ್ಚಿ ಬರೆಯುವವರು ಆ ತಪ್ಪನ್ನೇ ಮುಂದುವರಿಸುತ್ತಾರೆ. ಜೊಟೆರೊದಲ್ಲಿ ವಿದ್ಯಾರ್ಥಿ 'ಅದೇ' ಎಂದು ಬರೆಯುವುದೇ ಇಲ್ಲ. ಪ್ರತಿ ಸಲವೂ ಪುಸ್ತಕವನ್ನೇ ಆರಿಸುತ್ತಾನೆ. ಮೊದಲ ಸಲ ಪೂರ್ಣ ವಿವರ, ಆಮೇಲೆ ಸಂಕ್ಷಿಪ್ತ ರೂಪ ಎಂಬುದನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ, ನಡುವೆ ಏನು ಸೇರಿಸಿದರೂ ಮತ್ತೆ ಲೆಕ್ಕ ಹಾಕಿ ಸರಿಪಡಿಸುತ್ತದೆ. ಕೊನೆಯಲ್ಲಿ ಗ್ರಂಥಋಣದ ಪಟ್ಟಿ, ಪ್ರಬಂಧದಲ್ಲಿ ನಿಜವಾಗಿ ಉಲ್ಲೇಖವಾದ ಕೃತಿಗಳನ್ನಷ್ಟೇ ಹಿಡಿದುಕೊಂಡು ಸಿದ್ಧವಾಗುತ್ತದೆ. ಓದದ ಪುಸ್ತಕಗಳಿಂದ ಪಟ್ಟಿಯನ್ನು ಉದ್ದ ಮಾಡುವ ಚಪಲಕ್ಕೂ ಇದರಿಂದ ಕಡಿವಾಣ ಬೀಳುತ್ತದೆ.

ಉಲ್ಲೇಖ ಶೈಲಿಗಳು 10,000ಕ್ಕೂ ಹೆಚ್ಚು ಇವೆ, ಎಂಎಲ್ಎ, ಎಪಿಎ, ಶಿಕಾಗೊ ಎಲ್ಲವೂ ಸೇರಿ. ಕನ್ನಡದ ಪಾಲಿಗೆ ಕೊರತೆ ಇರುವುದು ಇಲ್ಲೇ. ನಾನು ಬಳಸುತ್ತಿರುವ ಆವೃತ್ತಿಯಲ್ಲಿ ಉಲ್ಲೇಖದ ಭಾಷೆಗಳ ಪಟ್ಟಿಯೊಳಗೆ ಕನ್ನಡವಿಲ್ಲ. ಹಾಗಾಗಿ ಪುಸ್ತಕದ ಹೆಸರು, ಲೇಖಕರ ಹೆಸರು ಕನ್ನಡದಲ್ಲಿದ್ದರೂ 'ಸಂ.', 'ಅನು.', 'ಪು.' ಎಂಬಲ್ಲಿ ಇಂಗ್ಲಿಷ್ ಸಂಕ್ಷೇಪಗಳು ಬಂದು ಕೂರುತ್ತವೆ. ಇದಕ್ಕೆ ಪರಿಹಾರವಿಲ್ಲದಿಲ್ಲ. ಶೈಲಿಯ ಕಡತ ಸಾದಾ ಪಠ್ಯರೂಪದಲ್ಲಿರುವುದರಿಂದ, ಅದರ ಆರಂಭದಲ್ಲಿ ಈ ಪದಗಳಿಗೆ ಕನ್ನಡ ರೂಪವನ್ನು ಕೊಟ್ಟು ಹೊಸ ಹೆಸರಿನಲ್ಲಿ ಉಳಿಸಿಕೊಂಡರೆ ಇಡೀ ಪ್ರಬಂಧ ಕನ್ನಡದಲ್ಲೇ ಬರುತ್ತದೆ. ಕಂಪ್ಯೂಟರ್ ವಿಭಾಗದ ಸ್ನೇಹಿತರೊಬ್ಬರ ನೆರವು ಸಿಕ್ಕರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ತಾನೇ ಮಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ವಿಭಾಗಗಳು ಒಟ್ಟಾಗಿ ಒಂದು ಉಲ್ಲೇಖ ಕ್ರಮವನ್ನು ಒಪ್ಪಿಕೊಂಡು ಅದರ ಕಡತವನ್ನು ಎಲ್ಲರಿಗೂ ಸಿಗುವಂತೆ ಇಟ್ಟರೆ ಈ ತೊಂದರೆ ಒಂದೇ ಏಟಿಗೆ ಬಗೆಹರಿಯುತ್ತದೆ. ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು ಎಂದು ಪಟ್ಟಿಯನ್ನು ಎರಡಾಗಿಸುವ ನಮ್ಮ ರೂಢಿಯನ್ನೂ ಜೊಟೆರೊ ಅರಿಯದು; ಅದು ಕೊಡುವುದು ಒಂದೇ ಪಟ್ಟಿ, ಬೇರ್ಪಡಿಸುವುದನ್ನು ಕೊನೆಯಲ್ಲಿ ಕೈಯಿಂದ ಮಾಡಬೇಕು.

ಇದಕ್ಕಿಂತ ದೊಡ್ಡ ಅಡ್ಡಿ ಡಿ.ಟಿ.ಪಿ. ಅಂಗಡಿ. ಇಂದಿಗೂ ಎಷ್ಟೋ ವಿದ್ಯಾರ್ಥಿಗಳು ಅಧ್ಯಾಯಗಳನ್ನು ಕೈಯಲ್ಲಿ ಬರೆದು ವಿಶ್ವವಿದ್ಯಾಲಯದ ಗೇಟಿನ ಎದುರಿನ ಅಂಗಡಿಗೆ ಕೊಡುತ್ತಾರೆ. ಅಲ್ಲಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಟೈಪಾಗುತ್ತದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರಸಂಕೇತವಾದ ಯುನಿಕೋಡ್ ಗೊತ್ತಿಲ್ಲ, ಜೊಟೆರೊವೂ ಗೊತ್ತಿಲ್ಲ. ಟೈಪು ಮಾಡುವವರು ಶ್ರದ್ಧೆಯಿಂದ ದುಡಿಯುವ ಜನ, ಆದರೆ ಅಡಿಟಿಪ್ಪಣಿಯ ಸಂಖ್ಯೆ ಪಲ್ಲಟವಾದರೆ ಅದನ್ನು ಹಿಡಿಯುವ ದಾರಿ ಅವರಿಗಿಲ್ಲ. ಜೊಟೆರೊದ ಪ್ರಯೋಜನ ಪಡೆಯಬೇಕಾದರೆ ವಿದ್ಯಾರ್ಥಿ ತಾನೇ ಯುನಿಕೋಡ್ ಕನ್ನಡದಲ್ಲಿ, ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ಟೈಪು ಮಾಡುವುದನ್ನು ಕಲಿಯಲೇಬೇಕು. ನುಡಿಯ ಹೊಸ ಆವೃತ್ತಿಯಲ್ಲಿ ಅದೇ ಕೀಲಿಮಣೆಯಿಂದ ಯುನಿಕೋಡಿನಲ್ಲಿ ಬರೆಯಬಹುದಾದ್ದರಿಂದ ಬೆರಳುಗಳಿಗೆ ಹೊಸ ಪಾಠವೇನೂ ಬೇಕಿಲ್ಲ. ತಾನೇ ಟೈಪು ಮಾಡುವವರು ತಮ್ಮ ವಾಕ್ಯವನ್ನು ಮತ್ತೆ ಮತ್ತೆ ತಿದ್ದುತ್ತಾರೆ, ಅಂಗಡಿಗೆ ಕೊಡುವವರು ತಿದ್ದಲು ಹಿಂಜರಿಯುತ್ತಾರೆ ಎಂಬುದನ್ನೂ ಗಮನಿಸಿದ್ದೇನೆ. ಪುಟಕ್ಕಿಷ್ಟೆಂದು ಹಣ ಕೊಡುವಾಗ ಪ್ರತಿ ತಿದ್ದುಪಡಿಯೂ ಖರ್ಚೇ ತಾನೆ. ಮೊಬೈಲಿನಲ್ಲೇ ಎಲ್ಲವನ್ನೂ ಮಾಡುವವರಿಗೆ ಓದಲು, ಗುರುತು ಹಾಕಲು ಜೊಟೆರೊದ ಆ್ಯಪ್ ಇದೆ, ಆದರೆ ಉಲ್ಲೇಖಗಳನ್ನು ಪ್ರಬಂಧಕ್ಕೆ ಸೇರಿಸುವ ಕೆಲಸಕ್ಕೆ ಕಂಪ್ಯೂಟರ್ ಬೇಕೇ ಬೇಕು.

ಹೊಸ ಕಾಲದ ಒಂದು ಕೇಡಿಗೂ ಜೊಟೆರೊ ತಕ್ಕಮಟ್ಟಿಗೆ ಮದ್ದು. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಆಕರ ಕೇಳಿದರೆ, ಇಲ್ಲದ ಲೇಖನಕ್ಕೆ ಇರುವ ಪತ್ರಿಕೆಯ ಹೆಸರನ್ನು ಅಂಟಿಸಿ ನಂಬುವಂಥ ಉಲ್ಲೇಖವನ್ನು ಕೊಟ್ಟುಬಿಡುತ್ತವೆ. ಡಿಒಐ ಸಂಖ್ಯೆಯನ್ನು ಜೊಟೆರೊಗೆ ಕೊಟ್ಟು ನೋಡಿದರೆ, ಸುಳ್ಳಾದರೆ ಏನೂ ಬರುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದ ಬೇರೊಂದು ಲೇಖನ ಬರುತ್ತದೆ. 2019ರಿಂದ ಇನ್ನೊಂದು ಕಾವಲೂ ಸೇರಿದೆ: ಪ್ರಕಟವಾಗಿ ಆಮೇಲೆ ಹಿಂತೆಗೆದುಕೊಂಡ ಲೇಖನಗಳ ರಿಟ್ರಾಕ್ಷನ್ ವಾಚ್ ದತ್ತಾಂಶದೊಡನೆ ನಮ್ಮ ಸಂಗ್ರಹವನ್ನು ಹೋಲಿಸಿ, ಅಂಥದ್ದು ಸಿಕ್ಕರೆ ಮೇಲ್ಭಾಗದಲ್ಲಿ ಕೆಂಪು ಎಚ್ಚರಿಕೆ ತೋರಿಸುತ್ತದೆ. ವಿಜ್ಞಾನ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದು ಬಹಳ ಮುಖ್ಯ.

ಖರ್ಚಿನ ವಿಚಾರವನ್ನೂ ಸ್ಪಷ್ಟಪಡಿಸಬೇಕು. ಆಕರಗಳ ವಿವರ ಮತ್ತು ಟಿಪ್ಪಣಿಗಳನ್ನು ಜೊಟೆರೊದ ಸರ್ವರಿನಲ್ಲಿ ಉಳಿಸುವುದಕ್ಕೆ ಮಿತಿಯಿಲ್ಲ, ಹಣವೂ ಇಲ್ಲ. ಪಿಡಿಎಫ್‌ಗಳಿಗೆ ಮಾತ್ರ ಉಚಿತವಾಗಿ ಸಿಗುವುದು 300 ಎಂಬಿ. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಒಂದೊಂದೂ ಹತ್ತಾರು ಎಂಬಿ ಇರುವುದರಿಂದ ಅದು ಬೇಗ ತುಂಬಿಹೋಗುತ್ತದೆ. 2 ಜಿಬಿ ಬೇಕಾದರೆ ವರ್ಷಕ್ಕೆ 20 ಡಾಲರ್ ಕೊಡಬೇಕು. ನನ್ನ ವಿದ್ಯಾರ್ಥಿಗಳಿಗೆ ಅದರ ಅಗತ್ಯ ಬಿದ್ದಿಲ್ಲ. ಪಿಡಿಎಫ್‌ಗಳ ಸಿಂಕ್ ನಿಲ್ಲಿಸಿ, ಜೊಟೆರೊದ ಇಡೀ ಫೋಲ್ಡರನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುತ್ತಾರೆ. ಗುಂಪು ಸಂಗ್ರಹದ ಸೌಲಭ್ಯವೂ ಉಚಿತ. ವಿಭಾಗದ ಹೆಸರಿನಲ್ಲಿ ಒಂದು ಗುಂಪು ಮಾಡಿ, ಒಬ್ಬರು ಸರಿಯಾಗಿ ತುಂಬಿದ ಕನ್ನಡ ಪುಸ್ತಕದ ವಿವರವನ್ನು ಉಳಿದವರೆಲ್ಲ ಎಳೆದುಕೊಳ್ಳುವಂತೆ ಮಾಡಿದರೆ, ಮೇಲೆ ಹೇಳಿದ ಕೈಯಿಂದ ತುಂಬುವ ಶ್ರಮ ಹಂಚಿಹೋಗುತ್ತದೆ. ಹಳೆಗನ್ನಡ, ಶಾಸನ, ಜಾನಪದ ಎಂದು ಒಬ್ಬೊಬ್ಬರು ಒಂದೊಂದು ಕ್ಷೇತ್ರವನ್ನು ವಹಿಸಿಕೊಂಡರೆ ಎರಡು ಮೂರು ವರ್ಷಗಳಲ್ಲಿ ಒಳ್ಳೆಯ ಗ್ರಂಥಸೂಚಿಯೇ ಸಿದ್ಧವಾಗಬಹುದು.

ವಾದವನ್ನು ಕಟ್ಟುವುದನ್ನು, ಪ್ಯಾರಾದಿಂದ ಪ್ಯಾರಾಕ್ಕೆ ಓದುಗರನ್ನು ಕರೆದೊಯ್ಯುವುದನ್ನು ಜೊಟೆರೊ ಕಲಿಸುವುದಿಲ್ಲ. ಅದಕ್ಕೆ ಅಧ್ಯಾಪಕರು ಪಕ್ಕದಲ್ಲಿ ಕುಳಿತು ತಿದ್ದಲೇಬೇಕು. ಆದರೆ ಅಲ್ಪವಿರಾಮ, ಇಸವಿ, ಪುಟಸಂಖ್ಯೆಗಳ ಮೇಲೆ ಕಳೆಯುತ್ತಿದ್ದ ಸಮಯ ಉಳಿದು, ಆ ಭೇಟಿಯಲ್ಲಿ ವಿಷಯವನ್ನೇ ಮಾತಾಡುವುದು ಸಾಧ್ಯವಾಗುತ್ತದೆ. ಪಿಎಚ್‌.ಡಿ.ಗೆ ನೋಂದಾಯಿಸಿದವರು ಮೊದಲ ವಾರದಲ್ಲೇ, ಓದಲು ಶುರುಮಾಡುವ ಮುಂಚೆಯೇ ಇದನ್ನು ಹಾಕಿಕೊಳ್ಳಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅರ್ಧ ಬರೆದ ಮಹಾಪ್ರಬಂಧಕ್ಕೆ ಹಿಂದಿನಿಂದ ಜೋಡಿಸಲು ಹೊರಟರೆ ಶ್ರಮ ಇಮ್ಮಡಿಯಾಗುತ್ತದೆ. ಅಂಥವರು ಈಗಿನದನ್ನು ಹಳೆಯ ಕ್ರಮದಲ್ಲೇ ಮುಗಿಸಿ ಮುಂದಿನ ಲೇಖನದಿಂದ ಆರಂಭಿಸುವುದು ಲೇಸು. ಒಂದು ಸೆಮಿಸ್ಟರಿಗೆ ಹತ್ತು ಪುಟದ ನಿಯೋಜಿತ ಬರಹವನ್ನಷ್ಟೇ ಬರೆಯಬೇಕಾದ ಪದವಿ ವಿದ್ಯಾರ್ಥಿಗಳಿಗೆ ಇಷ್ಟೆಲ್ಲ ಬೇಕಾಗಿಲ್ಲ. ಅದೇ ತಂಡ ನಡೆಸುವ ಜೊಟೆರೊಬಿಬ್ ಎಂಬ ಜಾಲತಾಣವನ್ನು ಬ್ರೌಸರಿನಲ್ಲಿ ತೆರೆದು, ಖಾತೆಯನ್ನೂ ತೆರೆಯದೆ, ಗ್ರಂಥಋಣದ ಪಟ್ಟಿಯನ್ನು ಸಿದ್ಧಪಡಿಸಿ ನಕಲು ಮಾಡಿಕೊಳ್ಳಬಹುದು.